ಅಕ್ಕು ಕಾಲಿಡದ ಕೋಣೆ

ಮುರ್ಶಿದಾಳಿಗೆ ಬೇರೆಯವರ ಕಪಾಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೂ ಅಷ್ಟೆ, ಸಾವಿನ ಮನೆಗೆ ಹೋದರೂ ಅಷ್ಟೆ. ಏನಾದರೊಂದು ನೆಪ ಹೇಳಿ ಒಳಗಿನ ಕೋಣೆಗೆ ನುಗ್ಗಿ, ಈ ಮನೆಯವರು ಬಟ್ಟೆಯನ್ನು ಎಲ್ಲಿಡುತ್ತಾರೆ, ಕನ್ನಡಿಗೆ ಬೆಳಕು ಎಲ್ಲಿಂದ ಬೀಳುತ್ತದೆ, ಬಾಚಣಿಗೆ ಯಾರ ಕೈಗೆ ಎಟಕುತ್ತದೆ ಎಂದೆಲ್ಲ ನೋಡಿಕೊಂಡೇ ಬರಬೇಕು. "ಒಂದು ದಿನ ನಿನ್ನ ಮೂಗು ಯಾರದ್ದಾದರೂ ಕದಕ್ಕೆ ಸಿಕ್ಕಿಕೊಳ್ತದೆ ನೋಡು" ಎಂದು ಉದ್ಯಾವರದ ಮನೆಯಲ್ಲಿ ಹೆತ್ತ ಉಮ್ಮ ಕುಂಞಿಪಾತುಮ್ಮ ಬೈಯದ ದಿನವಿಲ್ಲ. ಬೈದವರೇ ಸಂಜೆ ಪಕ್ಕದಲ್ಲಿ ಕೂತು "ಅವರ ಕಪಾಟಿನಲ್ಲಿ ಎಂತ ಇತ್ತು?" ಎಂದು ಕೇಳುತ್ತಿದ್ದರು, ಆ ಮಾತು ಬೇರೆ.

ಆ ಮೂಗಿನಿಂದಲೇ ಅವಳ ಅನ್ನವೂ ಹುಟ್ಟುತ್ತಿತ್ತು. ಮಣಿಪಾಲದಲ್ಲಿ ರೇಚಲ್ ಮೇಡಂ ಎಂಬವರ ಒಳಾಂಗಣ ವಿನ್ಯಾಸದ ಕಚೇರಿಯಲ್ಲಿ ಆರು ವರ್ಷ ಅವಳು ಮಾಡಿದ್ದು ಹೆಚ್ಚಾಗಿ ಡ್ರೆಸ್ಸಿಂಗ್ ರೂಮುಗಳನ್ನೇ. ಗಾಜಿನ ಬಾಗಿಲಿನ ಕಪಾಟು, ಕತ್ತಲಲ್ಲಿ ತಾನೇ ಹೊತ್ತಿಕೊಳ್ಳುವ ದೀಪ, ವೆಲ್ವೆಟ್ ಹೊದಿಸಿದ ಪುಟ್ಟ ಆಸನ. ಕೆಲಸ ಮುಗಿದ ದಿನ ಫೋಟೊದವನು ಬರುತ್ತಿದ್ದ, ಚಿತ್ರಗಳು ಜಾಲತಾಣದಲ್ಲಿ ಮಿಂಚುತ್ತಿದ್ದವು. ಆರು ತಿಂಗಳ ಮೇಲೆ ಅದೇ ಮನೆಗೆ ಹೋಗಿ ನೋಡಿದರೆ ವೆಲ್ವೆಟ್ ಆಸನದ ಮೇಲೆ ಒಣಗಿದ ಬಟ್ಟೆಯ ರಾಶಿ. ಮನೆಯ ಹೆಂಗಸು ಬಚ್ಚಲಿನ ಕನ್ನಡಿಯ ಎದುರು ನಿಂತು ಬೊಟ್ಟು ಇಟ್ಟುಕೊಳ್ಳುತ್ತಿದ್ದಳು. ಯಾಕೆ ಹೀಗಾಗುತ್ತದೆ ಎಂದು ಮುರ್ಶಿದಾ ಕೇಳಿಯೇ ಕೇಳಿದಳು. ಕಚೇರಿಯಲ್ಲಿ ಅದನ್ನು ಕೇಳುವ ರೂಢಿ ಇರಲಿಲ್ಲ. ಮಾತಿಗೆ ಮಾತು ಬೆಳೆದು ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ರೇಚಲ್ ಮೇಡಂ ಸಿಟ್ಟಾಗಲಿಲ್ಲ. "ನಿನ್ನ ಕುರ್ಚಿ ಜನವರಿ ಮೂವತ್ತೊಂದರವರೆಗೆ ಖಾಲಿ ಇರ್ತದೆ. ಜನ ನಿಜವಾಗಿಯೂ ಬಳಸುವ ಒಂದೇ ಒಂದು ಕೋಣೆ ಮಾಡಿ ತೋರಿಸು. ಆಗದಿದ್ದರೆ ನಾಚಿಕೆ ಇಲ್ಲದೆ ವಾಪಸ್ ಬಾ" ಎಂದು ನಕ್ಕರು. ಆ ನಗುವೇ ಮುರ್ಶಿದಾಳನ್ನು ಹೆಚ್ಚು ಉರಿಸಿದ್ದು. ಸರಿ, ಹಾಗೇ ಆಗಲಿ ಎಂದು ಅವಳೂ ಮನಸ್ಸಿನಲ್ಲೇ ಒಪ್ಪಿದಳು.

ಆ ಒಂದೇ ಒಂದು ಕೋಣೆ ಸಿಕ್ಕಿದ್ದು ಕಾಪುವಿನಲ್ಲಿ, ಲೈಟ್‌ಹೌಸಿನ ದಾರಿಯಲ್ಲಿ, ಕಡಲಿಗೆ ಕೂಗಳತೆಯಲ್ಲಿದ್ದ ಹೊಸ ತಾರಸಿ ಮನೆಯಲ್ಲಿ. ಮನೆ ಕಟ್ಟಿಸಿದವಳು ಹರ್ಷಿಣಿ, ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ತಂದೆ ತೀರಿಕೊಂಡು ಹನ್ನೊಂದು ವರ್ಷ. ತಾಯಿ ಅಕ್ಕು ಉಡುಪಿಯ ಮೀನು ಮಾರ್ಕೆಟಿನಲ್ಲಿ ಮೂವತ್ತೆಂಟು ವರ್ಷದಿಂದ ಮೀನು ಮಾರುವವಳು. ನಸುಕಿಗೆ ಮಲ್ಪೆಯ ಬಂದರಿನಲ್ಲಿ ಏಲಂ ಕೂಗಿ ಮೀನು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿ. "ಅಮ್ಮನಿಗೆ ಒಂದು ಚಂದದ ಡ್ರೆಸ್ಸಿಂಗ್ ರೂಮ್ ಬೇಕು. ಸಿನಿಮಾದವರ ಮನೆಯಲ್ಲಿ ಇರ್ತದಲ್ಲ, ಹಾಗೆ" ಎಂದಿದ್ದಳು ಹರ್ಷಿಣಿ. "ಜೀವಮಾನ ಇಡೀ ಅವರು ಹಗ್ಗದ ಮೇಲೆ ಸೀರೆ ನೇತುಹಾಕಿದ್ದು. ಇನ್ನಾದರೂ ರಾಣಿಯ ಹಾಗೆ ಇರಲಿ."

ಮುರ್ಶಿದಾ ಆ ಕೋಣೆಗೆ ಜೀವ ತೇಯ್ದಳು ಎಂದರೆ ಸುಳ್ಳಲ್ಲ. ಅಕ್ಕುವನ್ನು ಎದುರು ಕೂರಿಸಿಕೊಂಡು ನೂರೆಂಟು ಪ್ರಶ್ನೆ ಕೇಳಿದಳು. ಎಷ್ಟು ಸೀರೆ? ನಲವತ್ತೆರಡು. ಕೈ ಎಷ್ಟು ಎತ್ತರಕ್ಕೆ ಎತ್ತಿದರೆ ಭುಜ ನೋಯುತ್ತದೆ? ಅಲ್ಲಿಗಿಂತ ಒಂದು ಗೇಣು ಕೆಳಗೆ ಸೀರೆಯ ಕೋಲು. ಮಂಡಿ ಎಷ್ಟು ಬಾಗುತ್ತದೆ? ಅದಕ್ಕೆ ತಕ್ಕ ಎತ್ತರದ ಆಸನ. ಕಡಲಿನ ಉಪ್ಪು ಗಾಳಿಗೆ ಕಬ್ಬಿಣ ಮೂರೇ ತಿಂಗಳಿಗೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಕದದ ಬಿಜಾಗರಿಗಳೆಲ್ಲ ಹಿತ್ತಾಳೆಯವು. ಮಳೆಗಾಲದಲ್ಲಿ ಸೀರೆಗೆ ಬೂಷ್ಟು ಹಿಡಿಯಬಾರದೆಂದು ಕಪಾಟಿನ ಕದಗಳಿಗೆ ಗಾಳಿಯಾಡುವ ಪಟ್ಟಿಗಳು. ಬೆಳ್ಮಣ್ಣಿನ ಬಡಗಿ ಎಡ್ಮಂಡ್ ಹಲಸಿನ ಮರದಲ್ಲಿ ಅವನ್ನು ಕೂರಿಸಿದ ಅಂದ ನೋಡಿದರೆ ಕಣ್ಣು ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಆಳೆತ್ತರದ ಕನ್ನಡಿ, ಮುಖದ ಮೇಲೆ ನೆರಳು ಬೀಳದಂತೆ ಎರಡೂ ಬದಿಗೆ ದೀಪ. ಇಷ್ಟೆಲ್ಲ ಮಾಡಿ ಕೋಣೆಯನ್ನು ಮನೆಯ ತೀರಾ ಒಳಗೆ, ಅಕ್ಕು ಮಲಗುವ ಕೋಣೆಯ ಆಚೆಗೆ ಇಟ್ಟಿದ್ದಳು. ಅದೇ ಸರಿಯೆಂದು ಅವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬ್ಯಾರಿ ಮುಸ್ಲಿಮರ ಮನೆಯಲ್ಲಿ ಹುಟ್ಟಿ ಬೆಳೆದವಳು. ಹೊರಗಿನ ಗಂಡಸರು ಬಂದು ಕೂರುವ ಜಾಗದಿಂದ ಎಷ್ಟು ದೂರವೋ ಹೆಂಗಸರು ಉಡುವ ತೊಡುವ ಜಾಗಕ್ಕೆ ಅಷ್ಟು ಮರ್ಯಾದೆ ಎಂದು ಕಂಡುಕೊಂಡಿದ್ದವಳು.

ಡಿಸೆಂಬರಿನ ಕೊನೆಗೆ ಕೀಲಿಕೈ ಕೊಟ್ಟಾಯಿತು. ಅಕ್ಕು ಕೋಣೆಯ ಬಾಗಿಲಲ್ಲಿ ನಿಂತು, "ಭಾರಿ ಲಾಯ್ಕ ಉಂಟು ಮಗಾ" ಎಂದು ಮುರ್ಶಿದಾಳ ಗಲ್ಲ ಮುಟ್ಟಿದಳು. ಒಳಗೆ ಮಾತ್ರ ಬರಲಿಲ್ಲ.

ಜನವರಿ ಹತ್ತಕ್ಕೆ ಹರ್ಷಿಣಿಯ ಫೋನು. "ಅಮ್ಮ ಒಂದು ದಿನವೂ ಆ ರೂಮಿಗೆ ಕಾಲಿಟ್ಟಿಲ್ಲ ಮುರ್ಶಿದಾ. ಹಿತ್ತಿಲಲ್ಲಿ ಹಳೆ ಮನೆಯ ತಗಡಿನ ಮರೆ ಉಂಟಲ್ಲ, ಈಗಲೂ ಅಲ್ಲಿಯೇ ಬಟ್ಟೆ ಬದಲಾಯಿಸುವುದು. ಕೇಳಿದರೆ ನಗ್ತಾರೆ. ನೀವೇ ಬಂದು ನೋಡಿ, ಎಂತದೋ ತಪ್ಪಾಗಿದೆ."

ಮಣಿಪಾಲದ ಖಾಲಿ ಕುರ್ಚಿ ಮುರ್ಶಿದಾಳ ಕಣ್ಣೆದುರು ಬಂದು ಕುಳಿತಿತು. ಆದರೆ ಭಯದ ಬೆನ್ನಿಗೇ ಕುತೂಹಲ ಎದ್ದಿತು, ಅದು ಅವಳ ಹುಟ್ಟುಗುಣ. ನಲವತ್ತೆರಡು ಸೀರೆಯ ಹೆಂಗಸು ಇಷ್ಟು ಚಂದದ ಕೋಣೆ ಬಿಟ್ಟು ತಗಡಿನ ಮರೆಗೆ ಯಾಕೆ ಹೋಗುತ್ತಾಳೆ?

ಮರುದಿನವೇ ಕಾಪುವಿಗೆ ಹೋಗಿ ಒಂದೊಂದೇ ಊಹೆಯನ್ನು ಪರೀಕ್ಷೆಗೆ ಇಟ್ಟಳು. ಪಾಲಿಶ್ ವಾಸನೆ ಇರಬಹುದೆಂದು ಎರಡು ದಿನ ಫ್ಯಾನು ಹಾಕಿಸಿ ಬಿಟ್ಟಳು. ಅಕ್ಕು ಬರಲಿಲ್ಲ. ದೀಪ ಕಣ್ಣಿಗೆ ಹೊಡೆಯುತ್ತದೋ ಎಂದು ಹಳದಿ ದೀಪ ಹಾಕಿಸಿದಳು. ಊಹೂಂ. ವಾಸ್ತುವಿನ ದೋಷ ಇರಬಹುದೇ ಎಂದು ಅಳುಕುತ್ತಲೇ ಕೇಳಿದ್ದಕ್ಕೆ, "ಎಂತ ವಾಸ್ತು ಮಾರಾಯ್ತಿ, ಕಡಲು ಯಾವ ವಾಸ್ತು ಕೇಳಿ ಬರ್ತದೆ?" ಎಂದು ಅಕ್ಕು ಬಾಯ್ತುಂಬ ನಕ್ಕಳು. ಕೋಣೆಯ ಕದ ತೆರೆಯಲು ಬರುವುದಿಲ್ಲವೋ ಏನೋ ಎಂಬ ಸಂಶಯ ಎಡ್ಮಂಡನಿಗೆ. ಅಕ್ಕು ಬಂದು ಒಂದೇ ಎಳೆತಕ್ಕೆ ತೆರೆದು ತೋರಿಸಿ, ಮತ್ತೆ ಮುಚ್ಚಿ, ಮೀನು ಹುರಿಯಲು ಹೋದಳು.

"ಮೇಡಂ, ಅವರಿಗೆ ನಿಮ್ಮ ಮೇಲೆ ಬೇಜಾರು ಇಲ್ಲ. ಕೋಣೆಯ ಮೇಲೆ ಸಹ ಇಲ್ಲ. ಇನ್ನು ನೀವೇ ಹೇಳಿ ಯಾರ ಮೇಲೆ?" ಎಂದ ಎಡ್ಮಂಡ್, ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಮತ್ತೆ ಕಿವಿಗೇ ಸಿಕ್ಕಿಸುತ್ತ.

"ಗೊತ್ತಿದ್ದರೆ ನಾನು ಇಲ್ಲಿ ಯಾಕೆ ಕೂರ್ತಿದ್ದೆ ಎಡ್ಮಂಡಣ್ಣ?"

ಕೊನೆಗೆ ಮುರ್ಶಿದಾ ಒಂದು ತೀರ್ಮಾನಕ್ಕೆ ಬಂದಳು. ಕೋಣೆಯಲ್ಲಿ ಕೂತು ಕೋಣೆಯನ್ನೇ ದಿಟ್ಟಿಸಿದರೆ ಏನೂ ಹೊಳೆಯುವುದಿಲ್ಲ. ಅಕ್ಕುವಿನ ಬೆನ್ನಿಗೇ ಬೀಳಬೇಕು. ಒಂದು ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಉಡುಪಿಯ ಮೀನು ಮಾರ್ಕೆಟಿಗೆ ಹೋಗಿ ನಿಂತಳು.

ಅಲ್ಲಿ ಕಂಡ ಅಕ್ಕುವನ್ನು ಗುರುತು ಹಿಡಿಯಲು ಅವಳಿಗೆ ಎರಡು ನಿಮಿಷ ಬೇಕಾಯಿತು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸೊಂಟಕ್ಕೆ ಬಿಗಿದಿದ್ದಳು. ರವಕೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಯ ಮೇಲೆ ಬಟ್ಟೆಯ ಸಿಂಬಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಅಂಜಲ್ ಮೀನಿನ ಬಾಲ. ಚೌಕಾಸಿಗೆ ಬಂದ ಗಂಡಸೊಬ್ಬನನ್ನು ಅವಳು ಮೂರೇ ಮಾತಿನಲ್ಲಿ ಮುಗಿಸಿದಳು. ಪಾಪ, ಅವನು ಕೇಳಿದ್ದಕ್ಕಿಂತ ಹೆಚ್ಚು ಬಂಗುಡೆ ಹೊತ್ತುಕೊಂಡು ಹೋದ. ಕಾಪುವಿನ ಮನೆಯಲ್ಲಿ ಮೆತ್ತಗೆ ನಡೆದಾಡಿ ಮೆಲ್ಲಗೆ ನಗುವ ಹೆಂಗಸು ಇವಳೇನಾ ಎಂದು ಮುರ್ಶಿದಾ ಬಾಯಿ ತೆರೆದು ನೋಡಿದಳು.

"ನಿನಗೆ ಇಲ್ಲಿ ಎಂತ ಕೆಲಸ ಮಗಾ? ದೂರ ನಿಲ್ಲು, ನೀರು ಹಾರ್ತದೆ!"

"ಇವತ್ತು ನಿಮ್ಮ ಒಟ್ಟಿಗೇ ಮನೆಗೆ ಬರ್ತೇನೆ ಅಮ್ಮ."

ಅಕ್ಕು ಹುಬ್ಬೇರಿಸಿದಳೇ ಹೊರತು ಬೇಡ ಎನ್ನಲಿಲ್ಲ. ಮೀನಿನ ಹೆಂಗಸರೆಲ್ಲ ಸೇರಿ ಗೊತ್ತುಮಾಡಿಕೊಂಡ ಟೆಂಪೊದಲ್ಲಿ, ಖಾಲಿ ಬುಟ್ಟಿಗಳ ನಡುವೆ, ಮುರ್ಶಿದಾ ಕಾಪುವರೆಗೆ ಬಂದಳು. ಕಟಪಾಡಿ ದಾಟುವಷ್ಟರಲ್ಲಿ ಅವಳ ಚೂಡಿದಾರದ ಅಂಚು ಮೀನಿನ ನೀರಿನಲ್ಲಿ ನೆನೆದು ಕಾಲಿಗೆ ಅಂಟಿಕೊಂಡಿತ್ತು.

ಗೇಟಿನ ಬಳಿ ಅಕ್ಕು ನೇರ ನಡೆಯಲಿಲ್ಲ. ಎಡಕ್ಕೆ ತಿರುಗಿ ಕಂಪೌಂಡಿನ ಗೋಡೆಗೆ ಒತ್ತಿಕೊಂಡೇ ಹಿತ್ತಿಲಿಗೆ ಹೋದಳು. ಮುರ್ಶಿದಾ ಮಾತ್ರ ರೂಢಿಯಂತೆ ಮುಂಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟಳು. ಬಿಳಿಯ ನೆಲದ ಮೇಲೆ ಅವಳ ಪಾದ ಒದ್ದೆಯಾಗಿ, ಕೆಂಪುಗಪ್ಪಾಗಿ ಮೂಡಿತು. ತಟ್ಟನೆ ನಿಂತಳು. ಅಲ್ಲಿಂದ ಮುಂದಿನ ದಾರಿಯನ್ನು ಕಣ್ಣಿನಲ್ಲೇ ನಡೆದು ನೋಡಿದಳು: ನೆಂಟರು ಕೂರುವ ಹಜಾರ, ದೇವರ ಕೋಣೆಯ ಬಾಗಿಲು, ಊಟದ ಮೇಜು, ಮಲಗುವ ಕೋಣೆ, ಅದೂ ದಾಟಿದ ಮೇಲೆ ತಾನು ಕಟ್ಟಿದ ಆ ಚಂದದ ಕೋಣೆ. ಇಷ್ಟನ್ನೂ ಮೀನಿನ ನೀರು ಸುರಿಸಿಕೊಂಡು ದಾಟಬೇಕು. ದಾಟುವವರಾದರೂ ಯಾರು? ಮುರ್ಶಿದಾಳಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳುವಷ್ಟು ನಾಚಿಕೆಯಾಯಿತು. ನೂರೆಂಟು ಪ್ರಶ್ನೆ ಕೇಳಿದವಳು ಇದೊಂದನ್ನು ಕೇಳಿರಲಿಲ್ಲ.

ಹಿತ್ತಿಲಿಗೆ ಓಡಿದಳು. ಅಷ್ಟರಲ್ಲಿ ಅಕ್ಕು ತಗಡಿನ ಮರೆಯೊಳಗೆ ಸ್ನಾನ ಮುಗಿಸಿ, ತೆಳು ಹಳದಿ ಸೀರೆ ಉಟ್ಟು ಹೊರಗೆ ಬಂದಿದ್ದಳು. ಮಾರ್ಕೆಟಿನ ಅಂಗಿ ಹಗ್ಗದ ಮೇಲೆ ನೀರಿಳಿಸುತ್ತಿತ್ತು.

"ಅಮ್ಮಾ, ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

ಅಕ್ಕುವಿಗೆ ಅರ್ಥವಾಯಿತು. ಬಾವಿಕಟ್ಟೆಯ ಮೇಲೆ ಕೂತು ಕೂದಲಿನ ನೀರು ಹಿಂಡಿದಳು. "ನೀನು ಮಾಡಿದ್ದು ಹೊರಡುವವರ ಕೋಣೆ ಮಗಾ. ಮದುವೆಗೆ, ಪೂಜೆಗೆ ಹೊರಡುವವರದ್ದು. ನಾನು ವರ್ಷಕ್ಕೆ ನಾಲ್ಕು ಸರ್ತಿ ಹೊರಡ್ತೇನೆ. ಮನೆಗೆ ಬರುವುದು ದಿನಾಲೂ. ಅಲ್ಲಿ ನನ್ನ ನಲವತ್ತೆರಡು ಸೀರೆಗೆ ಜಾಗ ಉಂಟು. ಆ ಅಂಗಿಗೆ ಎಲ್ಲಿ ಉಂಟು, ಹೇಳು."

"ಒಂದು ಮಾತು ಹೇಳಿದ್ದರೆ..."

"ಹರ್ಷಿಣಿ ಆಸೆಯಿಂದ ಮಾಡಿಸಿದ್ದಲ್ವಾ? ನಾನು ಮಾರ್ಕೆಟ್ ಬಿಡ್ತೇನೆ ಅಂತ ಅವಳ ಲೆಕ್ಕ. ನನಗೆ ಬಿಡಲಿಕ್ಕೆ ಮನಸ್ಸಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಅವಳಿಗೆ ನೋವು. ತಗಡಿನ ಮರೆ ನನಗೆ ಅಭ್ಯಾಸ ಬಿಡು."

ಆ ಸಂಜೆ ಮುರ್ಶಿದಾ ಹರ್ಷಿಣಿಯ ಎದುರು ನಕ್ಷೆ ಹರಡಿದಳು. ಡ್ರೆಸ್ಸಿಂಗ್ ರೂಮಿನ ಹಿಂಗೋಡೆ ಒಡೆದು ಹಿತ್ತಿಲಿಗೆ ನೇರವಾಗಿ ಒಂದು ಬಾಗಿಲು. ಒಳಗೆ ಬಂದ ಕೂಡಲೇ ಮೂರು ಅಡಿ ನೆಲ ಎರಡಿಂಚು ತಗ್ಗು, ಅಲ್ಲೇ ನಲ್ಲಿ, ನೀರು ಹೋಗಲು ಜಾಲರಿ. ಮಾರ್ಕೆಟಿನ ಬಟ್ಟೆಗೆ ಹೊರಗಾಳಿ ಆಡುವ ಬೇರೆ ಕಪಾಟು. ಸಿಂಬಿ ಇಡಲು ಗೂಡು. ಅದಕ್ಕಾಗಿ ಎಡ್ಮಂಡನ ಹಲಸಿನ ಕಪಾಟಿನ ಅರ್ಧ ಭಾಗ ಕಿತ್ತು ಪಕ್ಕದ ಗೋಡೆಗೆ ಸರಿಸಬೇಕು.

ಹರ್ಷಿಣಿಯ ಮುಖ ಗಂಟಾಯಿತು. "ಬಾಗಿಲು ಇಟ್ಟರೆ ಅಮ್ಮ ಮಾರ್ಕೆಟ್ ಬಿಡುವುದೇ ಇಲ್ಲ. ನಾನು ಈ ರೂಮ್ ಮಾಡಿಸಿದ್ದೇ ಬಿಡಿಸಲಿಕ್ಕೆ."

"ಬಾಗಿಲು ಇಲ್ಲದೆಯೂ ಅವರು ಬಿಟ್ಟಿಲ್ಲ ಅಲ್ವಾ?" ಎಂದಳು ಮುರ್ಶಿದಾ. "ದಿನಾ ಹೋಗ್ತಿದ್ದಾರೆ. ನಾವು ಮಾಡಿದ್ದು ಇಷ್ಟೇ, ವಾಪಸ್ ಬರುವಾಗ ಅವರಿಗೆ ಮನೆಯಲ್ಲಿ ಬಾಗಿಲು ಇಲ್ಲದ ಹಾಗೆ ಮಾಡಿದ್ದು."

ಮಾತು ಸ್ವಲ್ಪ ಖಾರವಾಯಿತೇನೋ. ಹರ್ಷಿಣಿ ಎದ್ದು ಕಿಟಕಿಯ ಬಳಿ ಹೋಗಿ ಆಚೆ ನೋಡುತ್ತ ನಿಂತಳು. ಹಗ್ಗದ ಮೇಲಿನ ಅಂಗಿ ಅಲ್ಲಿಂದ ಕಾಣುತ್ತಿತ್ತು. "ಒಡೆಯಿರಿ" ಎಂದಳು ಕೊನೆಗೆ, ತಿರುಗಿ ನೋಡದೆ. "ಆದರೆ ಅದಾದ ಮೇಲೂ ಅಮ್ಮ ಬರದಿದ್ದರೆ ನಾನು ಆ ಕೋಣೆಗೆ ಬೀಗ ಹಾಕ್ತೇನೆ. ಮತ್ತೆ ಯಾರೂ ಆ ಸುದ್ದಿ ಎತ್ತಬಾರದು."

ಎಡ್ಮಂಡ್ ತಾನೇ ಕೂರಿಸಿದ ಕಪಾಟನ್ನು ತಾನೇ ಬಿಚ್ಚುವಾಗ ದೇವರ ಹೆಸರನ್ನೂ ದೇವರಿಗೆ ಕೇಳಿಸಬಾರದ ಇನ್ನೂ ಕೆಲವು ಮಾತುಗಳನ್ನೂ ಕೊಂಕಣಿಯಲ್ಲಿ ಹೇಳಿದ. ಸಿಟ್ಟು ಬಾಯಲ್ಲಿ ಮಾತ್ರ. ಕೈಯಾದರೋ ಒಂದು ಗೀರೂ ಬೀಳದ ಹಾಗೆ ನಾಜೂಕಾಗಿ ಕೆಲಸ ಮಾಡಿತು. ಹತ್ತು ದಿನ ಮನೆಯಲ್ಲೆಲ್ಲ ಸಿಮೆಂಟಿನ ಧೂಳು. ಇವೆಲ್ಲ ಯಾಕೆ ನಡೆಯುತ್ತಿವೆ ಎಂದು ಅಕ್ಕು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ದಿನಾ ಮಧ್ಯಾಹ್ನ ಹಿತ್ತಿಲಿಗೆ ಬಂದವಳು ಗೋಡೆಯ ತೂತನ್ನು ಒಮ್ಮೆ, ಮುರ್ಶಿದಾಳನ್ನು ಒಮ್ಮೆ ನೋಡಿ ತಗಡಿನ ಮರೆಯೊಳಗೆ ಹೋಗುತ್ತಿದ್ದಳು. ಮುರ್ಶಿದಾಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಭ್ಯಾಸ ಎಂದಿದ್ದಳಲ್ಲ ಅಕ್ಕು? ಮೂವತ್ತೆಂಟು ವರ್ಷದ ಅಭ್ಯಾಸವನ್ನು ಒಂದು ಬಾಗಿಲು ಬಿಡಿಸಬಲ್ಲದೇ?

ಜನವರಿ ಮೂವತ್ತಕ್ಕೆ ಕೆಲಸ ಮುಗಿಯಿತು. ಮೂವತ್ತೊಂದಕ್ಕೆ ಹರ್ಷಿಣಿ ಅರ್ಧ ದಿನದ ರಜೆ ಹಾಕಿ, ಲ್ಯಾಬಿನ ತಿಳಿನೀಲಿ ಸಮವಸ್ತ್ರದಲ್ಲೇ ಮನೆಗೆ ಬಂದಳು. ಅವಳೂ ಮುರ್ಶಿದಾಳೂ ಮಲಗುವ ಕೋಣೆಯ ಮಂಚದ ಅಂಚಿನಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೂತರು. ಡ್ರೆಸ್ಸಿಂಗ್ ರೂಮಿನ ಕದ ಅರ್ಧ ತೆರೆದಿತ್ತು.

ಎರಡೂಮುಕ್ಕಾಲಿಗೆ ಟೆಂಪೊ ನಿಂತ ಸದ್ದಾಯಿತು. ಕಂಪೌಂಡಿನ ಗೋಡೆಯ ಪಕ್ಕದಲ್ಲಿ ಹೆಜ್ಜೆ ಸದ್ದು, ಹಿತ್ತಿಲಿನಲ್ಲಿ ಬುಟ್ಟಿ ಇಟ್ಟ ಸದ್ದು. ಆಮೇಲೆ ಏನೂ ಇಲ್ಲ. ತಗಡಿನ ಬಾಗಿಲು ಕಿರುಗುಟ್ಟುತ್ತದೋ ಎಂದು ಮುರ್ಶಿದಾ ಕಿವಿಗೊಟ್ಟು ಕೇಳಿದಳು. ಕಿರುಗುಟ್ಟಲಿಲ್ಲ. ಹೊಸ ಬಾಗಿಲಿನ ಚಿಲಕ ಟಕ್ ಎಂದಿತು.

ಹರ್ಷಿಣಿ ಮುರ್ಶಿದಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅಕ್ಕು ಒಳಗೆ ಬಂದಿದ್ದಳು. ಮುರ್ಶಿದಾಳ ತಲೆಯ ಮೇಲಿಂದ ದೊಡ್ಡ ಹೊರೆ ಇಳಿದ ಹಾಗಾಯಿತು. ಎದ್ದು ಕುಣಿಯಬೇಕು ಎನಿಸುವಷ್ಟು ಖುಷಿ. ಇನ್ನು ಮಣಿಪಾಲಕ್ಕೆ ಹೋಗುವ ಮಾತಿಲ್ಲ.

ಆದರೆ ನಲ್ಲಿಯ ಸದ್ದು ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಒಳಗೆ ಅಕ್ಕು ಏನು ಮಾಡುತ್ತಿದ್ದಾಳೆ? ಮುರ್ಶಿದಾಳಿಂದ ತಡೆಯಲಾಗಲಿಲ್ಲ. ತುದಿಗಾಲಿನಲ್ಲಿ ಹೋಗಿ ಕದದ ಸಂದಿಯಲ್ಲಿ ಇಣುಕಿದಳು.

ಅಕ್ಕು ತಗ್ಗಿನ ನೆಲದಲ್ಲೇ ನಿಂತಿದ್ದಳು. ತಲೆಯ ಮೇಲೆ ಸಿಂಬಿ ಹಾಗೇ ಇತ್ತು, ಅಂಗಿಯ ತೋಳಿನಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವರಿಗೆ ಆಳೆತ್ತರದ ಕನ್ನಡಿ ನೇರ ಎದುರಾಗುತ್ತದೆ ಎನ್ನುವುದು ಮುರ್ಶಿದಾಳ ಲೆಕ್ಕದಲ್ಲೇ ಇರಲಿಲ್ಲ. ಅಕ್ಕು ಆ ಕನ್ನಡಿ ನೋಡುತ್ತಿದ್ದಳು. ಒಮ್ಮೆ ಎಡಕ್ಕೆ ತಿರುಗಿದಳು, ಒಮ್ಮೆ ಬಲಕ್ಕೆ. ಸೊಂಟಕ್ಕೆ ಕೈ ಇಟ್ಟು ನೋಡಿದಳು.

"ಇಣುಕುವುದೆಂತಕೆ, ಬಾ ಒಳಗೆ" ಎಂದಳು ಕನ್ನಡಿಯಿಂದ ಕಣ್ಣು ತೆಗೆಯದೆ. ಮುರ್ಶಿದಾ ಒಳಗೆ ಹೋದಳು. ಹಿಂದೆಯೇ ಹರ್ಷಿಣಿ.

"ಮಾರ್ಕೆಟಿನಲ್ಲಿ ಇಷ್ಟು ವರ್ಷ ಎಲ್ಲರೂ ನೋಡಿದ್ದು ಇವಳನ್ನಾ?" ಎಂದು ಅಕ್ಕು ಕೇಳಿದಳು. "ಇವಳನ್ನು ನೋಡದವಳು ನಾನೊಬ್ಬಳೇ ಮಾರಾಯ್ತಿ. ಮಿಂದು, ಸೀರೆ ಬದಲಾಯಿಸಿ, ಆಮೇಲೆ ಕನ್ನಡಿ ನೋಡುವುದು. ಅದರಲ್ಲಿ ಕಾಣುವುದು ಹರ್ಷಿಣಿಯ ಅಮ್ಮ. ಇವಳು ಯಾರೋ ಬೇರೆ." ತಲೆಯ ಸಿಂಬಿ ಸರಿಮಾಡಿಕೊಂಡು, "ಗಟ್ಟಿ ಹೆಂಗಸು, ಅಲ್ವಾ?" ಎಂದಳು. ಅವಳ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು.

ಹರ್ಷಿಣಿ ತಾಯಿಯ ಪಕ್ಕಕ್ಕೆ ಹೋಗಿ ನಿಂತಳು. ಅಕ್ಕು ಗಾಬರಿಯಿಂದ ದೂರ ಸರಿದಳು. "ದೂರ ಹೋಗು ಮಗಾ, ಯೂನಿಫಾರ್ಮಿಗೆ ವಾಸನೆ ಹಿಡೀತದೆ."

ಹರ್ಷಿಣಿ ಕದಲಲಿಲ್ಲ. "ನಾನು ಇವರನ್ನು ಒಂದು ಸರ್ತಿ ನೋಡಿದ್ದೇನೆ ಅಮ್ಮ" ಎಂದಳು. "ಏಳನೇ ಕ್ಲಾಸಿನಲ್ಲಿ. ಶಾಲೆಯ ಪ್ರವಾಸದ ಬಸ್ಸು ಮಾರ್ಕೆಟಿನ ಎದುರು ನಿಂತಿತ್ತು. ನೀನು ರಸ್ತೆಯ ಬದಿಗೇ ಕೂತಿದ್ದಿ. ನಾನು ಚಪ್ಪಲಿ ಹುಡುಕುವವಳ ಹಾಗೆ ಸೀಟಿನ ಕೆಳಗೆ ಬಗ್ಗಿದೆ. ಬಸ್ಸು ಹೊರಡುವವರೆಗೂ ತಲೆ ಎತ್ತಲಿಲ್ಲ."

ಅಕ್ಕು ಕನ್ನಡಿಯೊಳಗಿದ್ದ ಮಗಳ ಮುಖ ನೋಡಿದಳು.

"ಗೊತ್ತು" ಎಂದಳು. "ನೀನು ಬಗ್ಗುವ ಮೊದಲೇ ನಾನು ಆಚೆ ತಿರುಗಿದ್ದೆ. ನಿನ್ನ ಜೊತೆಯ ಮಕ್ಕಳು ಇದ್ದರಲ್ಲ."

ಹರ್ಷಿಣಿ ಎರಡೂ ಕೈಯಿಂದ ತಾಯಿಯನ್ನು ಬಾಚಿ ತಬ್ಬಿಕೊಂಡಳು. ಈ ಸಲ ಅಕ್ಕು ಸರಿಯಲಿಲ್ಲ. ಮೀನಿನ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದವಳು, ಆಮೇಲೆ ಅದನ್ನು ಮಗಳ ನೀಲಿ ಬೆನ್ನಿನ ಮೇಲೆ ಇಟ್ಟಳು.